ಇವತ್ತು ಎಷ್ಟು ಬಿತ್ತು?

ಲಿಂಗರಾಜಪುರ, ಮೂರನೇ ಮಹಡಿ, ರಾತ್ರಿ ಎರಡೂವರೆ.
ನನ್ನ ಪಾಳಿ.
ಎಲ್ಲೋ ದೂರದ ಬೆಟ್ಟದ ಬುಡದಲ್ಲಿ ಕತ್ತಲ ನೀರಿನ ತೊಟ್ಟಿ,
ಸುತ್ತ ಸಾವಿರಾರು ಗಾಜಿನ ಕಣ್ಣು;
ಅವು ಕಂಡದ್ದು ಇಲ್ಲಿ ನನ್ನ ಪರದೆಯ ಮೇಲೆ
ಒಂದೊಂದು ಚುಕ್ಕೆ.

ನಿದ್ದೆ ಬಾರದ ಅಪ್ಪ ಬಾಗಿಲಲ್ಲಿ ನಿಂತು,
ಬಲೆ ಎಳೆದವರನ್ನು ಕೇಳುವ ಹಾಗೆ: ಇವತ್ತು ಎಷ್ಟು ಬಿತ್ತು?
ಹನ್ನೊಂದು. ಬಂಡೆಯ ಗಲಾಟೆ ಸೋಸಿದರೆ ಆರು ಉಳಿದೀತು.
ಉಗುರಗಲದಲ್ಲೇ ಸೆಕೆಂಡಿಗೆ ಆರು ಸಾವಿರ ಕೋಟಿ ಅಂದಿದ್ದೆ?
ಹಾದು ಹೋಗುವುದು ಅಷ್ಟು, ಅಪ್ಪ. ಸಿಗುವುದು ಇಷ್ಟು.

ನಗಲಿಲ್ಲ ಅವರು.
ಟೋಕನ್ ೨೧೧೪, ಜ್ಞಾನಮಣಿ, ಚಾಂಪಿಯನ್ ರೀಫ್.
ಟನ್ನು ಕಲ್ಲಿಗೆ ನಾಲ್ಕು ಗ್ರಾಮಿನಂತೆ ಇಪ್ಪತ್ತೆಂಟು ವರ್ಷ ಒಡೆದವರು,
ಗುಲಗಂಜಿಯಷ್ಟೂ ಮನೆಗೆ ತಾರದವರು.

ತಾರಸಿಯ ಮೆಣಸಿನಕಾಯಿ ಒಣಗಿಸಿದ ಬಿಸಿಲಿದೆಯಲ್ಲ,
ಅದು ಸೂರ್ಯನ ಒಡಲಲ್ಲಿ ಲಕ್ಷ ವರ್ಷ ತಡಕಾಡಿ ಹೊರಬಿದ್ದದ್ದು.
ಇದಕ್ಕೆ ಹುಟ್ಟಿ ಎಂಟೇ ನಿಮಿಷ.
ಹಾಗಾದರೆ ಇವತ್ತಿನ ಸೂರ್ಯ ಅಂದರೆ ಇದೇ?
ಇದೇ.
ಈ ಹೊತ್ತಲ್ಲಿ ಅವನೆಲ್ಲಿ?
ನೆಲ ತೋರಿಸಿದೆ.

ಅಪ್ಪ ಚಪ್ಪಲಿ ಕಳಚಿದರು.
ಮೊಸಾಯಿಕ್ಕಿನ ಮೇಲೆ ಬರಿಗಾಲಲ್ಲಿ ಸುಮ್ಮನೆ ನಿಂತರು,
ಪಂಜರ ಕೆಳಗಿಳಿಯಲೆಂದು ಕಾಯುವವರ ಹಾಗೆ.
ರಾತ್ರಿ ಪಾಳಿಯಲ್ಲಿ ಮೂರು ಕಿಲೋಮೀಟರು
ಅವನ ಹತ್ತಿರ ಹೋಗಿ ಬರುತ್ತಿದ್ದೆ ಅಂತಾಯಿತು,
ಯಾರೂ ಹೇಳಲಿಲ್ಲ ನೋಡು,
ಅಂದರು. ಮಲಗಲು ಹೋದರು.

ನಾಲ್ಕು ಹತ್ತಕ್ಕೆ ಇನ್ನೊಂದು ಚುಕ್ಕೆ.
ಸೂರ್ಯನದೋ ಬಂಡೆಯದೋ ಈಗಲೇ ಹೇಳಲಾಗದು.
ಹಾಲಿನ ವ್ಯಾನು ಗೇಟಿಗೆ ಬಂತು.
ಬರೆದುಕೊಂಡೆ: ಹನ್ನೆರಡು.