ಲೈನ್ ಕ್ಲಿಯರ್

ಪಕ್ಕದ ಮನೆಯ ರುಬೀನಾ
ಬೆಂಕಿಪೊಟ್ಟಣದಷ್ಟರ ಎರಡು ಬೋರ್ಡು ತಂದು
ನನ್ನ ಜಗಲಿಯ ಮೇಲೆ ಹರವಿದಳು.
ಒಂದು, ತಾರಸಿಯ ಟ್ಯಾಂಕಿನಲ್ಲಿ ನೀರೆಷ್ಟು ಅಂತ ನೋಡುತ್ತದಂತೆ.
ಇನ್ನೊಂದು, ಸಂಪಿನ ಪಕ್ಕ ಕೂತು ಮೋಟರನ್ನು ಎಬ್ಬಿಸುತ್ತದಂತೆ.
ವಾರಕ್ಕೊಮ್ಮೆ ನಳ ಬರುವ ಜೋಗಿಮಟ್ಟಿ ರಸ್ತೆಯಲ್ಲಿ
ಇಂಥದ್ದು ಯಾರಿಗೆ ಬೇಡ?
ಮಾತಿಗೊಂದು ಹಳದಿ ತಂತಿ,
ನೆಲಕ್ಕೊಂದು ಕರಿ ತಂತಿ.

"ಮಾಮಾ, ಜಾದೂ ನೋಡಿ" ಅಂದಳು.
ಕೆಳಗಿನದರ ಚಾರ್ಜರ್ ಕಿತ್ತು
ಪಿನ್ನನ್ನು ಗಾಳಿಯಲ್ಲಿ ಆಡಿಸಿದಳು.
ಆದರೂ ಅದರ ಕೆಂಪು ದೀಪ ಆರಲಿಲ್ಲ.
ಮಂಕಾಗಿ, ಜ್ವರದ ಮಗು ಅರೆಗಣ್ಣು ಬಿಟ್ಟ ಹಾಗೆ,
ಉರಿಯುತ್ತಲೇ ಇತ್ತು.

ಅವಳು ನಕ್ಕಳು.
ನನ್ನ ಅಂಗೈ ಬೆವರಿತು.

ಮೂವತ್ತೊಂದು ವರ್ಷ ಕಂಬ ಹತ್ತಿದವನು ನಾನು.
ತುರುವನೂರು ರಸ್ತೆಯಾಚೆ ಒಂದು ಶ್ರಾವಣದ ಸಂಜೆ
ಸ್ಟೇಷನ್ನಿನಿಂದ ಲೈನ್ ಕ್ಲಿಯರ್ ಬಂತು, ನಂಬರು ಸಮೇತ.
ಚೀಟಿಯಲ್ಲಿ ಬರೆದುಕೊಂಡವನು ನಾನೇ.
ಬೋರಯ್ಯ ಹತ್ತಿದ, ಕಿವಿಗೊಂದು ಬೀಡಿ ಸಿಕ್ಕಿಸಿಕೊಂಡು.
ಸತ್ತಿದೆ ಅಂದುಕೊಂಡ ತಂತಿ ಸತ್ತಿರಲಿಲ್ಲ.
ಎರಡು ಫರ್ಲಾಂಗು ಆಚೆ
ಖಾರದಪುಡಿ ಮಿಲ್ಲಿನವನು ಮೇನ್ ಇಳಿಸದೆ
ಜನರೇಟರ್ ಎಳೆದಿದ್ದ.
ಅವನ ಮಿಲ್ಲಿನ ಕರೆಂಟು ಟ್ರಾನ್ಸ್‌ಫಾರ್ಮರಿನ ಹಿಂಬಾಗಿಲಲ್ಲಿ ಹೊಕ್ಕು
ಹನ್ನೊಂದು ಸಾವಿರವಾಗಿ ಮೇಲೆದ್ದಿತ್ತು.
ಅರ್ಥಿಂಗ್ ರಾಡು ಜೀಪಿನಲ್ಲೇ ಇತ್ತು.
ತಂದು ತಂತಿಗೆ ಕೊಕ್ಕೆ ಹಾಕಲು ಎರಡು ನಿಮಿಷ.
ಬೀಡಿ ಮಾತ್ರ ಸುಟ್ಟಿರಲಿಲ್ಲ.

ಇದನ್ನೆಲ್ಲ ರುಬೀನಾಗೆ ಹೇಳಲಿಲ್ಲ.

ಹೇಳಿದ್ದು ಇಷ್ಟು:
ದುರ್ಗದವರಿಗೆ ಕಿಂಡಿಯ ವಿಷಯ
ಬೇರೆ ಊರಿನವರು ಹೇಳಿಕೊಡಬೇಕಾ, ಮಗಳೇ?
ಏಳು ಸುತ್ತು ಕಟ್ಟಿ, ಹೆಬ್ಬಾಗಿಲಿಗೆ ಅಗುಳಿ ಜಡಿದರೂ
ನೀರಿಗೆ ಅಂತ ಬಿಟ್ಟ ಸಂದಿಯಲ್ಲಿ ಬರುವವರು ಬರುತ್ತಾರೆ.
ಇಲ್ಲಿ ಮಾತಿಗೆ ಅಂತ ಬಿಟ್ಟಿದ್ದೀಯ, ಹಳದಿ ತಂತಿ.
ಮೇಲಿನ ಬೋರ್ಡು ಬದುಕಿದೆ, ಕೆಳಗಿನದು ಮಲಗಿದೆ.
ಬದುಕಿದ್ದರ ಮಾತೇ ಮಲಗಿದ್ದರ ಹೊಟ್ಟೆಗೆ ಇಳಿಯುತ್ತಿದೆ.

"ಐದು ವೋಲ್ಟು ಮಾಮಾ, ಯಾರೂ ಸಾಯಲ್ಲ."

ನೀನು ಸಾಯಲ್ಲ.
ಆ ಚಿಪ್ಪು ಮೂರೂ ಚಿಲ್ಲರೆ ವೋಲ್ಟಿಗೆ ಹುಟ್ಟಿದ್ದು,
ಮೇಲಿನದು ಐದರ ಗಂಟಲಲ್ಲಿ ಕೂಗುತ್ತದೆ.
ನಡುವೆ ಎರಡು ರೆಸಿಸ್ಟರ್ ಕೂರಿಸು, ದನಿ ತಗ್ಗಲಿ.
ಎರಡು ಚಾರ್ಜರಿನ ಕೆಂಪು ತಂತಿ ಮಾತ್ರ ಕೂಡಿಸಿ ಕಟ್ಟಬೇಡ,
ಒಂದು ಐದಕ್ಕೆ ಕೂದಲೆಳೆ ಹೆಚ್ಚು, ಇನ್ನೊಂದು ಕಮ್ಮಿ,
ರಾತ್ರಿಯಿಡೀ ಒಂದನ್ನೊಂದು ನೂಕುತ್ತ ಬಿಸಿಯಾಗುತ್ತವೆ.
ಒಂದೇ ಚಾರ್ಜರ್ ಸಾಕು, ಎರಡಕ್ಕೂ ತಾಳುವಂಥದ್ದು,
ಏಳುವುದೂ ಮಲಗುವುದೂ ಒಟ್ಟಿಗೆ.
ಕರಿ ತಂತಿ ಸರಿಯಾಗಿ ಹಾಕಿದ್ದೀಯ, ಶಾಭಾಸ್.
ಇಬ್ಬರ ಸೊನ್ನೆ ಒಂದೇ ಆಗದಿದ್ದರೆ
ಒಬ್ಬರ ಐದು ಇನ್ನೊಬ್ಬರಿಗೆ ಎಷ್ಟು ಅಂತ
ಯಾವ ದೇವರೂ ಹೇಳಲಾರ.

ಅವಳು ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಗೀಚಿಕೊಂಡಳು,
"ಸೊನ್ನೆ ಒಂದೇ" ಅಂತ, ಕೆಳಗೆ ಎರಡು ಗೆರೆ ಎಳೆದು.
ಬೆಸುಗೆಯ ಹೊಗೆ ಮೂಗಿಗೆ ಬಂತು.
ಗುಡ್ಡದ ಮೇಲೆ ಗಾಳಿಯಂತ್ರಗಳು
ಯಾರ ಮನೆಗೋ ಕರೆಂಟು ನೂಲುತ್ತಿದ್ದವು.

ಕತ್ತಲಾಗುವ ಹೊತ್ತಿಗೆ ಹೊಸ ಜೋಡಣೆ.
ಸ್ವಿಚ್ ಒತ್ತಿದಳು, ಎರಡೂ ಎದ್ದವು.
ಒತ್ತಿದಳು, ಎರಡೂ ಆರಿದವು. ಪೂರ್ತಿ.
"ಈಗ ಮುಟ್ಟಲಾ?"
ಆ ಎರಡು ಪದ ನಾಲಿಗೆಯ ತುದಿಗೆ ಬಂದಿದ್ದವು.
"ತಡಿ" ಅಂದೆ.
ಹಳೇ ಮೀಟರಿನ ಮೂತಿ ಇಟ್ಟು ನೋಡಿದೆ: ಸೊನ್ನೆ.
ತೆಗೆದು, ಒರೆಸಿ, ಇನ್ನೊಮ್ಮೆ ಇಟ್ಟೆ.