ಇರಿ

ಕ್ಯಾನ್‌ಬೆರಾದ ಜುಲೈ. ಪೆರೇಡ್ ಮೈದಾನದ ಹುಲ್ಲಿಗೆ
ಯಾರೋ ರಾತ್ರಿಯಿಡೀ ಉಪ್ಪು ಉದುರಿಸಿದಂತೆ ಹಿಮ.
ನಾವು ಬರುವ ಮೊದಲೇ ಹದಿನಾಲ್ಕು ಕಾಂಗರೂ
ಸಾಲು ಕೆಡಿಸಿಕೊಂಡು ಮೇಯುತ್ತಿವೆ.
ಸಾರ್ಜೆಂಟ್ ಕೂಗಿದರೆ ಒಂದು ಮಾತ್ರ ತಲೆಯೆತ್ತಿ ನೋಡಿತು,
ಅದೂ ಅವರನ್ನಲ್ಲ.

ಎಂಟಕ್ಕೆ ಇಂಡೋನೇಷಿಯನ್ ತರಗತಿ.
ಇಬು ವುಲಂದಾರಿ. ಇಬು ಎಂದರೆ ಅಮ್ಮ,
ಮೇಜರ್ ಬಂದರೂ ಹಾಗೇ ಕರೆಯಬೇಕು.
ಸೈನ್ಯ ಅಚ್ಚು ಹಾಕಿಸಿದ ಕೈಪಿಡಿಯ ಮೊದಲ ಪುಟ:
ನಿಲ್ಲು. ಕೈ ಮೇಲೆತ್ತು. ನಿಮ್ಮವರು ಎಷ್ಟು ಜನ?
ಅವರು ಅದನ್ನು ಮಡಚಿ ಕಿಟಕಿಯ ಸಂದಿಗೆ ತುರುಕಿದರು,
ಚಳಿಗಾಳಿ ನುಗ್ಗದ ಹಾಗೆ.
‘ಊಟ ಆಯಿತಾ ಅಂತ ಕೇಳೋದು ಕಲಿಯಿರಿ ಮೊದಲು.
ಉಳಿದದ್ದು ಬಂದೂಕಿಗೇ ಬರುತ್ತದೆ.’

ಪದದ ಮೊದಲಲ್ಲೇ ಬರುವ ಆ ಮೂಗಿನ ಸದ್ದಿಗೆ
ಕೆಟಲ್‌ವೆಲ್‌ನ ನಾಲಿಗೆ ಹೊರಳಲೇ ಇಲ್ಲ.
ನನಗದು ಹಳೆಯ ಪರಿಚಯ.
ಕ್ವೀನ್‌ಬಿಯನ್ನಿನ ಅಡುಗೆಮನೆ ಮೇಜಿನ ಮೇಲೆ, ಭಾನುವಾರ,
ಅಪ್ಪ ತಿದ್ದಿಸಿದ ಕ ಖ ಗ ಘ, ಕೊನೆಗೆ
ಕೆಲಸವಿಲ್ಲದೆ ಕೂತ ಙ.
ಇದು ಯಾತಕ್ಕಪ್ಪಾ?
‘ಇರಲಿ ಬಿಡು, ಸಾಲು ತುಂಬಬೇಕಲ್ಲ.’
ಹನ್ನೆರಡು ವರ್ಷದ ಮೇಲೆ ಅದಕ್ಕೆ ನೌಕರಿ ಸಿಕ್ಕಿದ್ದು ಇಲ್ಲಿ:
ಙಂತುಕ್, ನಿದ್ದೆ ತೂಗುತ್ತಿದೆ.
ನಾನು ಸರಿಯಾಗಿ ಹೇಳಿದ ಮೊದಲ ಪದ. ನಿಜವೂ ಹೌದು.

ಆಮೇಲೆ ಬಂತು ಎರಡು ‘ನಾವು’.
ಒಂದು ಕಮಿ. ನೀನು ಕಮಿಯಾದ ನಾವು.
ಇನ್ನೊಂದು ಕಿತಾ. ನೀನೂ ಸೇರಿದ ನಾವು.
ಎಲ್ಲರೂ ಪೆನ್ನು ಕಚ್ಚಿಕೊಂಡು ಕೂತಾಗ
ನನಗೆ ಕೇಳಿಸಿದ್ದು ಅಮ್ಮನ ತುಳು.
‘ನಮ ಪೋಯಿ’ ಅಂದರೆ ನಾನೂ ಹೊರಟೆ.
‘ಎಂಕುಲು ಪೋಪ’ ಅಂದರೆ ನಾನು ಬಾಗಿಲಲ್ಲಿ, ಟಾಟಾ.
ಈ ವ್ಯಾಕರಣ ನನಗಿಂತ ಮೊದಲು
ನನ್ನ ಪುಟ್ಟ ಚಪ್ಪಲಿಗೆ ಗೊತ್ತಿತ್ತು.
ಅಣಕು ಸಂಧಾನದ ಪರೀಕ್ಷೆಯಲ್ಲಿ ಆದರೂ
ನಾನು ಹತ್ತೊಂಬತ್ತು ಸಲ ಕಮಿ ಅಂದೆನಂತೆ.
ಇಬು ಎಣಿಸಿದ್ದರು. ಕೆಂಪು ಶಾಯಿಯಲ್ಲಿ:
‘ಉಚ್ಚಾರ ಚೆನ್ನ. ಎದುರಿಗೆ ಕೂತವನು ಎಲ್ಲಿ?’

ಮಾಗೆಲಾಂಗ್ ಅಕಾಡೆಮಿಗೆ ಒಂದು ಸೆಮಿಸ್ಟರ್, ಎರಡೇ ಜಾಗ.
ಪಟ್ಟಿಯಲ್ಲಿ ಕೆಟಲ್‌ವೆಲ್. ಪಟ್ಟಿಯಲ್ಲಿ ಇಮೊಜೆನ್ ಪ್ರೌಸ್.
ನನ್ನ ಎಡ ಮೊಣಕಾಲಿನ ಎಕ್ಸ್-ರೇ
ಯಾವ ಭಾಷೆಯಲ್ಲೂ ನನ್ನ ಪರ ವಾದಿಸಲಿಲ್ಲ.
ಙ ಬಾರದವನು ಹೋಗುತ್ತಾನೆ!
ನಮ್ಮ ಕಡೆ ಕಿಚ್ಚು ಹೊಟ್ಟೆಗೆ ಬೀಳುತ್ತದೆ,
ಅವರಲ್ಲಿ ಪಿತ್ತಜನಕಾಂಗಕ್ಕೆ: ಇರಿ ಹಾತಿ.
ಆ ರಾತ್ರಿ ನಿಘಂಟು ಮುಚ್ಚಿ ಕನ್ನಡದಲ್ಲೇ ಓದಿಕೊಂಡೆ.
ಇರಿ: ಚುಚ್ಚು.
ಇರಿ: ಹೋಗಬೇಡಿ, ಇಲ್ಲೇ ಕೂತಿರಿ.

ಆಗಸ್ಟಿನಲ್ಲಿ ಅವರ ಕೆಡೆಟ್‌ಗಳು ಬಂದರು, ಆರು ಜನ.
ಎರಡು ಸ್ವೆಟರ್ ಮೇಲೆ ಸಮವಸ್ತ್ರ, ಗುಂಡಿ ಬಿಗಿದು.
ಮೆಸ್ಸಿನ ಔತಣದಲ್ಲಿ ಬಗಸ್ಕಾರ ಎದ್ದು ನಿಂತು
ಕಮಿ ಕೃತಜ್ಞರು, ಕಮಿ ಧನ್ಯರು ಎಂದ, ನಾವೆಲ್ಲ ಚಪ್ಪಾಳೆ.
ಅವನ ಬೆನ್ನೂ ನನ್ನದರಷ್ಟೇ ಸೆಟೆದಿತ್ತು.

ಇಸ್ತ್ರಿ ಕೋಣೆಯಲ್ಲಿ ರಾತ್ರಿ ಹತ್ತು.
ಅವನ ಕಾಲರ್ ಸುಟ್ಟಿದೆ, ನನ್ನ ಮೊಣಕಾಲಿಗೆ ಮುಲಾಮು.
ಹೊರಗೆ ಮೈದಾನದಲ್ಲಿ ಕಂದು ನೆರಳುಗಳು ಕೂತು ಎದ್ದು ಮಾಡುತ್ತಿವೆ.
ಅವನು ಕಿಟಕಿ ತೋರಿಸಿ ಏನೋ ಕೇಳಿದ.
ನಾನು ಹೇಳಿದೆ: ಹೌದು, ದಿನಾ ಬರುತ್ತವೆ. ಇಲ್ಲ, ಒದೆಯುವುದಿಲ್ಲ.
‘ಕಿತಾ?’ ಎಂದ ಅವನು, ಬಾಗಿಲ ಕಡೆ ಗಲ್ಲ ಚಾಚಿ.

ಇಬು ಮೊದಲೇ ಎಚ್ಚರಿಸಿದ್ದರು,
ಕೆಲವೂರಿನವರು ಎರಡಕ್ಕೂ ಅದನ್ನೇ ಬಳಸುತ್ತಾರೆ, ನೆಚ್ಚಬೇಡಿ ಎಂದು.
ಅವನ ಊರು ಯಾವುದೋ,
ಬಾಗಿಲಾಚೆ ಉಳಿದ ಐವರು ಕಾಯುತ್ತಿದ್ದರೋ ಏನೋ.
ಕೇಳಲು ವಾಕ್ಯವಿತ್ತು, ನಾಲಿಗೆಯ ತುದಿಯಲ್ಲೇ.
ಬಗ್ಗಲಾರದ ಮೊಣಕಾಲನ್ನು ಬೆಂಚಿನ ಮೇಲೆ ಚಾಚಿ
ಬೂಟಿನ ದಾರ ಕಟ್ಟತೊಡಗಿದೆ.