ಯುಫೋನಿಯಂಗೆ ಸ್ನಾನ

ನಿನ್ನೆ ರಾತ್ರಿ ಇದಕ್ಕೆ ಮೀಯಿಸಿದೆ, ಮಾಬ್ಲಿ.
ಉಗುರುಬೆಚ್ಚಗಿನ ನೀರು, ಬಿಸಿ ಇದಕ್ಕಾಗದು.
ತೊಟ್ಟಿಯ ತಳಕ್ಕೆ ಹಳೆಯ ಟವೆಲು ಹಾಸಿ
ಮಗುವಿಗೆ ಎರೆಯುವ ಹಾಗೆ ಕತ್ತಿಗೆ ಕೈ ಕೊಟ್ಟು
ಮಂಡಿಯೂರಿ ಕೂತೆ. ಮಂಡಿಗಳು ಬೈದವು.

ಉದ್ದನೆಯ ಕುಂಚ ಹಾಕಿ ಎಳೆದಾಗ
ಮೊದಲು ಬಂತು ಹಸಿರು. ಅದು ನನ್ನದು,
ನಲವತ್ತೆರಡು ವರ್ಷದ ಟೀ, ಬಿಸ್ಕತ್ತು, ಪೆಪ್ಪರ್‌ಮಿಂಟು.
ಆಮೇಲೆ, ಎಲ್ಲೋ ಆಳದ ತಿರುವಿನಿಂದ,
ಕಪ್ಪು.
ಅದು ಎಮ್ರಿಸ್‌ನದು.
ಗಣಿಯಿಂದ ಹತ್ತಿ ಬಂದು, ಮುಖ ತೊಳೆದು,
ರೆಪ್ಪೆಯ ಬುಡದಲ್ಲಿ ಕಾಡಿಗೆಯಂತೆ ಉಳಿದದ್ದನ್ನು ಹಾಗೇ ಬಿಟ್ಟು
ಮಂಗಳವಾರ, ಶುಕ್ರವಾರ ಊದುತ್ತಿದ್ದನಲ್ಲ,
ಅವನ ಎದೆಯೊಳಗಿನದು.
ಗಣಿಯ ಬಾಯಿಗೆ ಕಾಂಕ್ರೀಟು ಸುರಿದರು,
ಮೇಲೆ ಹುಲ್ಲು ಬೆಳೆಸಿದರು, ನೀನು ಅಲ್ಲಿ ಸೈಕಲ್ಲು ಕಲಿತೆ.
ಈ ಕಣಿವೆಯ ಕೊನೆಯ ಚಿಟಿಕೆ ಕಲ್ಲಿದ್ದಲು
ನನ್ನ ಬಚ್ಚಲಲ್ಲಿ ಸುಳಿ ಸುತ್ತಿ ಹೋಯಿತು.
ತಡೆಯಬೇಕು ಅನಿಸಿತು. ಕೈ ಅಡ್ಡ ಹಿಡಿದೆ ಕೂಡ.
ನೀರು ಕೇಳುತ್ತದೆಯೇ.

ಈಗ ಕೇಳು, ಮುಖ್ಯವಾದದ್ದು.
ಮೂರನೆಯ ವಾಲ್ವು ಚಳಿಗೆ ಹಟ ಮಾಡುತ್ತದೆ.
ನವೆಂಬರಿನಲ್ಲಿ ಸ್ಮಾರಕದ ಮುಂದೆ ನಿಲ್ಲುವ ದಿನ
ಕೋಟಿನೊಳಗೆ ಅಪ್ಪಿಕೊಂಡಿರು, ಕೋಳಿ ಕಾವಿಗೆ ಕೂತ ಹಾಗೆ.
ಎಣ್ಣೆ ಎರಡು ಹನಿ. ಮೂರನೆಯದು ದುಂದು.
ಕೀಲಿ ಒತ್ತಿದಾಗ ಸೋರುವುದನ್ನು ನಿನ್ನ ತಮ್ಮ ಎಂಜಲು ಅನ್ನುತ್ತಾನೆ.
ಅನ್ನಲಿ. ಅದು ಉಸಿರು,
ಲೋಹಕ್ಕೆ ತಾಗಿ, ತಣ್ಣಗಾಗಿ, ನೀರಾದದ್ದು.
ಎಂಜಲೂ ಸ್ವಲ್ಪ ಇದೆ.

ಎಡಗೈ ಹಿಡಿಯುವಲ್ಲಿ ಬೆಳ್ಳಿ ಸವೆದು ಹಿತ್ತಾಳೆ ಇಣುಕುತ್ತದೆ ನೋಡು,
ಅದು ಎಮ್ರಿಸ್‌ನ ಹಸ್ತ, ಅದರೊಳಗೆ ನನ್ನದು, ಚಿಕ್ಕದು.
ನಿನ್ನ ಕೈ ಇನ್ನೂ ಅಷ್ಟು ದೂರ ಮುಟ್ಟುವುದಿಲ್ಲ.
ಬೇರೆ ಕಡೆ ಹಿಡಿ. ಬೇರೆ ಕಡೆ ಸವೆಯಲಿ.

ಇನ್ನು, ಬಾಯಂಚಿನ ಈ ತಗ್ಗು.
ಮುಷ್ಕರದ ವರ್ಷ ಪೊಲೀಸಿನವನ ಲಾಠಿ ಎಂದು
ನಿಮ್ಮ ಶಾಲೆಗೆ ಬಂದು ಹೇಳಿದ್ದೆ, ಟೀಚರು ಕಣ್ಣೊರೆಸಿಕೊಂಡಿದ್ದರು.
ಸುಳ್ಳು. ಕುಡಿದಿದ್ದೆ. ಚಾಪೆಲ್ಲಿನ ಮೆಟ್ಟಿಲು, ಮಂಜುಗಡ್ಡೆ,
ನನ್ನನ್ನು ಉಳಿಸಿಕೊಳ್ಳಲು ಇದನ್ನು ಕೆಳಗೆ ಹಾಕಿಕೊಂಡು ಬಿದ್ದೆ.
ಪಕ್ಕೆಲುಬಿನ ಬದಲು ಇದು ನೆಗ್ಗಿತು.
ವಾದ್ಯದ ಜೊತೆ ಕತೆಯನ್ನೂ ಕೊಡಬೇಕು.
ಯಾವುದನ್ನು ಹೇಳುತ್ತೀಯೋ ನಿನಗೆ ಬಿಟ್ಟದ್ದು.
ಲಾಠಿಯದೇ ಚೆನ್ನಾಗಿದೆ.

ಆಸ್ಪತ್ರೆಯಲ್ಲಿ ಪ್ಲಾಸ್ಟಿಕ್ಕಿನ ಕೊಳವೆ ಊದಿಸಿದರು.
ಮುಳ್ಳು ಮೇಲೇಳಲಿಲ್ಲ.
ಗಣಿಧೂಳಿನ ಹೆಸರು ಹೇಳಬಹುದಿತ್ತು,
ನಾನು ಕೆಳಗಿಳಿದವನಲ್ಲ, ದೀಪದ ಕೋಣೆಯ ಗುಮಾಸ್ತ.
ಸಿಗರೇಟು.
ಒಂದೇ ದಮ್ಮಿಗೆ ಗುಡ್ಡ ದಾಟುತ್ತಿದ್ದ ಸ್ವರ
ಈಗ ಅರ್ಧದಲ್ಲೇ ಕಲ್ಲಿನ ಮೇಲೆ ಕೂರುತ್ತದೆ.
ಬ್ಯಾಂಡಿನಲ್ಲಿ ಯಾರೂ ಏನೂ ಅನ್ನಲಿಲ್ಲ.
ಅನ್ನದೆಯೇ, ಪಕ್ಕದ ಗ್ವೆನೊ
ನನ್ನ ಸಾಲಿನ ಕೊನೆಗಳನ್ನು ತಾನೇ ಊದತೊಡಗಿದಳು.
ಅದು ನನಗೆ ಗೊತ್ತಾದ ರಾತ್ರಿಯೇ ನಿನ್ನ ಹೆಸರು ಹೇಳಿದೆ.

ಎಲ್ಲ ನಿನ್ನದು. ಪೆಟ್ಟಿಗೆ, ಬಟ್ಟೆ, ಎಣ್ಣೆ ಸೀಸೆ,
ಎಮ್ರಿಸ್ ಪೆನ್ಸಿಲಿನಲ್ಲಿ, ವೆಲ್ಷಿನಲ್ಲಿ,
‘ಇಲ್ಲಿ ಉಸಿರು, ಕತ್ತೆ’ ಎಂದು ಗೀಚಿದ ಹಾಳೆಗಳು.
ಕತ್ತೆ ಅಂದರೆ ನಾನು. ಅಳಿಸಬೇಡ.
ತುಟಿಬಟ್ಟಲು ಮಾತ್ರ ಕೊಡುವುದಿಲ್ಲ.
ಅದು ತುಟಿಗೊಂದು, ಹಲ್ಲುಜ್ಜುವ ಬ್ರಷ್ಷಿನ ಹಾಗೆ.
ನಿನಗೆ ಹೊಸದು ತಂದಿದ್ದೇನೆ, ರಸೀದಿ ಒಳಗಿದೆ,
ಹೊಂದದಿದ್ದರೆ ಬದಲಿಸು.
ನನ್ನದು ಜೇಬಿನಲ್ಲಿ ಚಿಲ್ಲರೆಯ ಜೊತೆ ಇರಲಿ.
ಬಸ್ಸಿಗೆ ಕಾಯುವಾಗ ಕೈಗೆ ಏನಾದರೂ ಬೇಕಲ್ಲ.

ಸರಿ, ಎತ್ತಿಕೋ. ಬೆನ್ನು ನೆಟ್ಟಗೆ.
ಭಾರವೇ? ಇರುತ್ತದೆ.
ಯಾವುದಾದರೂ ಒಂದು ಸ್ವರ. ಚೆಂದದ್ದು ಬೇಡ.
ಉದ್ದದ್ದು.